ಇಂಗ್ಲಿಷಿನ ಎಂಟು ಪದವರ್ಗಗಳು ಎಲ್ಲಿಂದ ಬಂದವು?

ಇಂಗ್ಲಿಷಿನ 'ರೌಂಡ್' ಎಂಬ ಪದ ನಾಮಪದವೋ, ಕ್ರಿಯಾಪದವೋ? ಪರೀಕ್ಷೆಯಲ್ಲಿ ಇಷ್ಟನ್ನೇ ಕೇಳಿದರೆ ಯಾವ ಪಂಡಿತನೂ ಉತ್ತರ ಬರೆಯಲಾರ. 'ಎ ರೌಂಡ್ ಟೇಬಲ್' ಎಂದಾಗ ಅದು ಮೇಜಿನ ಆಕಾರ ತಿಳಿಸುವ ಗುಣವಾಚಕ. 'ದಿ ಫಸ್ಟ್ ರೌಂಡ್' ಎಂದಾಗ ಪಂದ್ಯದ ಮೊದಲ ಸುತ್ತು, ಅಂದರೆ ನಾಮಪದ. 'ದೇ ರೌಂಡೆಡ್ ದಿ ಕಾರ್ನರ್' ಎಂದರೆ ಮೂಲೆ ಸುತ್ತಿ ತಿರುಗಿದರು, ಕ್ರಿಯಾಪದ. 'ಕಮ್ ರೌಂಡ್ ಟುಮಾರೋ' ಎಂಬಲ್ಲಿ ಕ್ರಿಯಾವಿಶೇಷಣ. 'ಎ ವಾಲ್ ರೌಂಡ್ ದಿ ಗಾರ್ಡನ್' ಎಂಬಲ್ಲಿ ತೋಟದ ಸುತ್ತಲಿನ ಗೋಡೆ, ಅಲ್ಲಿ ಅದು ಪ್ರಿಪೊಸಿಷನ್. ಪದ ಒಂದೇ, ವರ್ಗ ಐದು.

ಇದೇ ಪದ ಕನ್ನಡಕ್ಕೂ ಬಂದಿದೆ. 'ಊರೆಲ್ಲ ಒಂದು ರೌಂಡ್ ಹೊಡೆದು ಬಂದೆ' ಎನ್ನುತ್ತೇವೆ. 'ಎಲ್ಲರೂ ರೌಂಡಾಗಿ ನಿಂತುಕೊಳ್ಳಿ' ಎನ್ನುತ್ತೇವೆ. 'ಆ ರೌಂಡಾಗಿರೋ ಡಬ್ಬಿ ತಾ' ಎನ್ನುತ್ತೇವೆ. ಗಮನಿಸಿ: ಕೆಲಸ ಬದಲಾದಾಗಲೆಲ್ಲ ನಾವು ಅದಕ್ಕೆ ಏನಾದರೊಂದು ಅಂಟಿಸುತ್ತೇವೆ. ಕ್ರಿಯೆಯಾಗಬೇಕಾದರೆ 'ಹೊಡೆ' ಬೇಕು, ಕ್ರಿಯೆಯ ರೀತಿ ಹೇಳಬೇಕಾದರೆ 'ಆಗಿ' ಬೇಕು, ನಾಮಪದವನ್ನು ಬಣ್ಣಿಸಬೇಕಾದರೆ 'ಆಗಿರೋ' ಬೇಕು. 'ಫೋನ್ ಮಾಡು', 'ಡೌನ್‌ಲೋಡ್ ಮಾಡು', 'ಟೆನ್ಶನ್ ಆಗು', 'ಪಾಸಾಗು' ಎಲ್ಲವೂ ಇದೇ ದಾರಿಯವು. ಇಂಗ್ಲಿಷ್ ಹಾಗೆ ಏನನ್ನೂ ಅಂಟಿಸದೆ ಪದವನ್ನು ಒಂದು ಜಾಗದಿಂದ ಎತ್ತಿ ಇನ್ನೊಂದು ಜಾಗದಲ್ಲಿ ಇಡುತ್ತದೆ. ಜಾಗ ಬದಲಾದೊಡನೆ ವರ್ಗವೂ ಬದಲಾಗುತ್ತದೆ. ಇಂಗ್ಲಿಷ್ ವ್ಯಾಕರಣ ಕಲಿಯುವ ಕನ್ನಡಿಗರಿಗೆ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದಿಂದ ಹುಟ್ಟಿದವು.

ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ವ್ಯಾಖ್ಯೆ ಇದನ್ನು ಹೇಳುವುದಿಲ್ಲ. ವ್ಯಕ್ತಿ, ಸ್ಥಳ, ವಸ್ತುವಿನ ಹೆಸರೇ ನೌನ್, ಕ್ರಿಯೆಯನ್ನು ಸೂಚಿಸುವುದು ವರ್ಬ್ ಎಂದು ಅದು ಹೇಳುತ್ತದೆ. ಹಾಗಾದರೆ 'ಎಕ್ಸ್‌ಪ್ಲೋಷನ್' ಏನು? ಸ್ಫೋಟಕ್ಕಿಂತ ದೊಡ್ಡ ಕ್ರಿಯೆ ಯಾವುದಿದೆ? ಆದರೂ ಅದು ನಾಮಪದ. 'ಸೀಮ್' ಎಂಬುದರಲ್ಲಿ ಯಾರೂ ಏನನ್ನೂ ಮಾಡುತ್ತಿಲ್ಲ, 'ಬಿಲಾಂಗ್' ಎಂಬುದರಲ್ಲೂ ಇಲ್ಲ. ಆದರೂ ಅವು ಕ್ರಿಯಾಪದಗಳು. ಅರ್ಥವನ್ನು ಹಿಡಿದು ವರ್ಗ ಹುಡುಕಲು ಹೊರಟ ಮಗು ಇಂಥ ಪದಗಳ ಮುಂದೆ ಎಡವುತ್ತದೆ. ತಪ್ಪು ಮಗುವಿನದಲ್ಲ, ವ್ಯಾಖ್ಯೆಯದು.

ಪದವರ್ಗ ಎಂಬುದು ಹುದ್ದೆಯ ಹಾಗೆ. ಬೆಳಿಗ್ಗೆ ಶಾಲೆಯಲ್ಲಿ ಹೆಡ್‌ಮಾಸ್ಟರ್ ಆದವರು ಸಂಜೆ ಸಹಕಾರ ಸಂಘದ ಸಭೆಯಲ್ಲಿ ಕಾರ್ಯದರ್ಶಿ. ಮನುಷ್ಯ ಅವರೇ, ಕೂತ ಕುರ್ಚಿ ಬೇರೆ. ಪದವೂ ವಾಕ್ಯದಲ್ಲಿ ಯಾವ ಕುರ್ಚಿಯಲ್ಲಿ ಕೂತಿದೆ, ಅಕ್ಕಪಕ್ಕ ಯಾರಿದ್ದಾರೆ ಎಂಬುದರಿಂದ ಅದರ ವರ್ಗ ತಿಳಿಯುತ್ತದೆ. ಭಾಷಾವಿಜ್ಞಾನ ಇಪ್ಪತ್ತನೇ ಶತಮಾನದಲ್ಲಿ ಗಟ್ಟಿಯಾಗಿ ಹಿಡಿದ ತಿಳಿವು ಇದು. ಅದಕ್ಕೆ ಮೊದಲು ಎರಡು ಸಾವಿರ ವರ್ಷ ನಡೆದದ್ದನ್ನು ತಿಳಿದರೆ ಎಂಟು ಎಂಬ ಸಂಖ್ಯೆಯ ಗುಟ್ಟೂ ತಿಳಿಯುತ್ತದೆ.

ಪ್ಲೇಟೋ ಮಾತನ್ನು ಎರಡಾಗಿ ಒಡೆದಿದ್ದ: ಯಾರ ಬಗ್ಗೆ ಹೇಳುತ್ತೇವೋ ಅದು, ಏನನ್ನು ಹೇಳುತ್ತೇವೋ ಅದು. ಅವನ ಶಿಷ್ಯ ಅರಿಸ್ಟಾಟಲ್ ಇವೆರಡನ್ನು ಜೋಡಿಸುವ ಪದಗಳನ್ನು ಬೇರೆಯಾಗಿ ಗುರುತಿಸಿದ. ಕ್ರಿ.ಪೂ. 2ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕಲಿತ ದಿಯೊನಿಸಿಯಸ್ ಥ್ರಾಕ್ಸ್ ಎಂಬಾತನ ಹೆಸರಿನಲ್ಲಿ ಬಂದಿರುವ ಪುಟ್ಟ ಗ್ರೀಕ್ ವ್ಯಾಕರಣದಲ್ಲಿ ಎಂಟರ ಪಟ್ಟಿ ಇದೆ: ನಾಮಪದ, ಕ್ರಿಯಾಪದ, ಕೃದಂತ, ಆರ್ಟಿಕಲ್, ಸರ್ವನಾಮ, ಪ್ರಿಪೊಸಿಷನ್, ಕ್ರಿಯಾವಿಶೇಷಣ, ಜೋಡಿಸುವ ಪದ. ನಾವು ಕಲಿತ ಎಂಟಕ್ಕೂ ಇದಕ್ಕೂ ವ್ಯತ್ಯಾಸವಿದೆ. ಗುಣವಾಚಕ ಇಲ್ಲಿ ಬೇರೆ ವರ್ಗವೇ ಅಲ್ಲ. ಗ್ರೀಕ್‌ನಲ್ಲಿ ಗುಣವಾಚಕವೂ ನಾಮಪದದ ಹಾಗೆ ವಿಭಕ್ತಿ ಪ್ರತ್ಯಯ ಹಚ್ಚಿಕೊಳ್ಳುವುದರಿಂದ ಅದನ್ನು ನಾಮಪದದ ಜೊತೆಗೇ ಸೇರಿಸಿದ್ದರು.

ರೋಮಿನವರು ಈ ಪಟ್ಟಿಯನ್ನು ಲ್ಯಾಟಿನ್ನಿಗೆ ತಂದರು. ತಂದಾಗ ಒಂದು ಕೊರತೆ ಕಾಣಿಸಿತು. ಲ್ಯಾಟಿನ್ನಿನಲ್ಲಿ ಆರ್ಟಿಕಲ್ ಇಲ್ಲ. ಅದನ್ನು ತೆಗೆದರೆ ಉಳಿಯುವುದು ಏಳು. ಆಗ 'ಅಯ್ಯೋ', 'ಆಹಾ' ಎಂಬಂಥ ಉದ್ಗಾರದ ಪದಗಳಿಗೆ ಪ್ರತ್ಯೇಕ ವರ್ಗ ಮಾಡಿದರು, ಲೆಕ್ಕ ಮತ್ತೆ ಎಂಟಾಯಿತು. ಇಂಟರ್ಜೆಕ್ಷನ್ ಪಟ್ಟಿಗೆ ಸೇರಿದ್ದು ಹೀಗೆ. 4ನೇ ಶತಮಾನದ ದೊನಾಟಸ್ ಇದನ್ನು ಪ್ರಶ್ನೋತ್ತರದ ಪುಸ್ತಕವಾಗಿಸಿದ. ಪದವರ್ಗಗಳು ಎಷ್ಟು ಎಂಬ ಪ್ರಶ್ನೆಯಿಂದಲೇ ಅದು ಶುರುವಾಗುತ್ತದೆ. ಯುರೋಪಿನ ಮಕ್ಕಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಉರುಹೊಡೆದರು.

ಎಂಟೇ ಆಗಬೇಕೆಂಬ ನಿಯಮ ಭಾಷೆಯದಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ದಿಯೊನಿಸಿಯಸ್‌ಗೆ ಎಷ್ಟೋ ಮೊದಲು ಯಾಸ್ಕನ ನಿರುಕ್ತ ಪದಗಳನ್ನು ನಾಲ್ಕಾಗಿ ವಿಂಗಡಿಸಿತ್ತು: ನಾಮ, ಆಖ್ಯಾತ (ಕ್ರಿಯಾಪದ), ಉಪಸರ್ಗ, ನಿಪಾತ (ಅವ್ಯಯ). ಪಾಣಿನಿ ಇನ್ನೂ ಕಟ್ಟುನಿಟ್ಟು. ಪದದ ಕೊನೆಯಲ್ಲಿ ಯಾವ ಬಗೆಯ ಪ್ರತ್ಯಯವಿದೆ ಎಂಬ ಒಂದೇ ಆಧಾರದ ಮೇಲೆ ಸುಬಂತ (ನಾಮಪದದ ಪ್ರತ್ಯಯವುಳ್ಳವು), ತಿಙಂತ (ಕ್ರಿಯಾಪದದ ಪ್ರತ್ಯಯವುಳ್ಳವು) ಎಂದು ಎರಡೇ ಗುಂಪು ಮಾಡಿದ. ಅರ್ಥವನ್ನು ನಂಬದೆ ರೂಪವನ್ನು ನೋಡುವ ಈ ಕ್ರಮ ಇಂದಿನ ಭಾಷಾವಿಜ್ಞಾನಕ್ಕೆ ಗ್ರೀಕರ ಪಟ್ಟಿಗಿಂತ ಹತ್ತಿರದ್ದು.

ಇಂಗ್ಲಿಷಿಗೆ ಮೊದಲ ವ್ಯಾಕರಣ ಬರೆದವನು ವಿಲಿಯಂ ಬುಲ್ಲೋಕರ್, 1586ರಲ್ಲಿ. ಇಂಗ್ಲಿಷಿಗೂ ನಿಯಮಗಳಿವೆ, ಅದು ಒರಟು ಭಾಷೆಯಲ್ಲ ಎಂದು ತೋರಿಸುವುದು ಅವನ ಹಂಬಲ. ಅದಕ್ಕಾಗಿ ಇಂಗ್ಲೆಂಡಿನ ಶಾಲೆಗಳಲ್ಲಿ ಆಗ ನಡೆಯುತ್ತಿದ್ದ ವಿಲಿಯಂ ಲಿಲಿಯ ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲೇ ಇಂಗ್ಲಿಷನ್ನು ಎರಕ ಹೊಯ್ದ. ಅಚ್ಚು ಹೊಂದುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದವನು ಒಬ್ಬ ಗಣಿತಜ್ಞ: ಅನಂತಕ್ಕೆ ನಾವು ಇಂದು ಬಳಸುವ ಅಡ್ಡ ಮಲಗಿದ ಎಂಟರಂಥ ಚಿಹ್ನೆಯನ್ನು ಕೊಟ್ಟ ಜಾನ್ ವಾಲಿಸ್. 1653ರಲ್ಲಿ ಆತ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ಹಿಂದಿನವರು ಇಂಗ್ಲಿಷನ್ನು ಲ್ಯಾಟಿನ್ನಿನ ಕಟ್ಟಳೆಗೆ ಬಲವಂತವಾಗಿ ಬಗ್ಗಿಸಿದ್ದಾರೆ ಎಂಬ ಆಕ್ಷೇಪವಿದೆ. ಆ ಪುಸ್ತಕವನ್ನೂ ಆತ ಲ್ಯಾಟಿನ್ನಿನಲ್ಲೇ ಬರೆಯಬೇಕಾಯಿತು, ಆ ಕಾಲ ಹಾಗಿತ್ತು. ಮುಂದೆ 1762ರಲ್ಲಿ ರಾಬರ್ಟ್ ಲೌತ್, 1795ರಲ್ಲಿ ಲಿಂಡ್ಲೆ ಮರ್ರೆ ಬರೆದ ವ್ಯಾಕರಣಗಳು ಶಾಲೆಗಳನ್ನು ಆಳಿದವು. ಈ ನಡುವೆ ಗುಣವಾಚಕ ನಾಮಪದದಿಂದ ಬೇರೆಯಾಯಿತು, ಕೃದಂತ ಕ್ರಿಯಾಪದದೊಳಗೆ ಸೇರಿತು. ಅದೇ ಪರಂಪರೆ 1930ರ ದಶಕದಲ್ಲಿ ಭಾರತದ ಶಾಲೆಗಳಿಗಾಗಿ ಬಂದ 'ರೆನ್ ಅಂಡ್ ಮಾರ್ಟಿನ್' ಪುಸ್ತಕದ ಮೂಲಕ ನಮ್ಮ ಹೈಸ್ಕೂಲುಗಳ ಬೆಂಚಿಗೆ ತಲುಪಿತು.

ಇನ್ನೊಂದು ಭಾಷೆಯ ಅಚ್ಚಿಗೆ ತನ್ನ ಭಾಷೆಯನ್ನು ಹೊಯ್ಯುವ ಕಷ್ಟ ಕನ್ನಡಿಗರಿಗೆ ಹೊಸದಲ್ಲ. ಸಂಸ್ಕೃತದಲ್ಲಿ ಏಳು ವಿಭಕ್ತಿಗಳಿವೆ ಎಂದು ಕನ್ನಡ ಶಾಲಾ ವ್ಯಾಕರಣವೂ ಏಳನ್ನು ಕಲಿಸುತ್ತದೆ. 'ಕತ್ತಿಯಿಂದ ಕಡಿದ' ಎಂಬಲ್ಲಿಯೂ 'ಮರದಿಂದ ಬಿತ್ತು' ಎಂಬಲ್ಲಿಯೂ ನಾವು ಆಡುವುದು ಒಂದೇ 'ಇಂದ'. ಪಂಚಮಿಯ ಮನೆ ಖಾಲಿ ಉಳಿಯಬಾರದೆಂದು 'ಮರದ ದೆಸೆಯಿಂದ' ಎಂದು ಮಕ್ಕಳಿಂದ ಹೇಳಿಸುತ್ತೇವೆ. ಯಾವ ಮಗುವೂ ಮನೆಯಲ್ಲಿ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕ ಬರೆದದ್ದು ಇಂಥ ಕಾರಣಗಳಿಗೆ. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಈ ಮೂಲ ಪ್ರಶ್ನೆಯನ್ನು ತಳ್ಳಿಹಾಕಲಾರರು. ವಾಲಿಸ್ ಇಂಗ್ಲಿಷಿನ ಪರವಾಗಿ ಕೇಳಿದ್ದೂ ಇದನ್ನೇ.

ಹಾಗಾದರೆ ಇಂಗ್ಲಿಷನ್ನು ಇಂಗ್ಲಿಷಿನ ಕಣ್ಣಿನಿಂದ ನೋಡುವುದು ಹೇಗೆ? ಅರ್ಥವೇ ಇಲ್ಲದ ವಾಕ್ಯವೊಂದನ್ನು ನಾನೇ ಕಟ್ಟುತ್ತೇನೆ: 'ದಿ ಪ್ರಿಂಡ್ ಮೊರ್ಕ್ಸ್ ಹ್ಯಾಡ್ ಗ್ಲಿಪ್ಡ್ ಎ ಸ್ಟಾನ್.' ಪ್ರಿಂಡ್, ಮೊರ್ಕ್, ಗ್ಲಿಪ್, ಸ್ಟಾನ್ ಇವು ಯಾವ ನಿಘಂಟಿನಲ್ಲೂ ಹುಡುಕಬೇಕಾದ ಪದಗಳಲ್ಲ. ಆದರೂ ಇಂಗ್ಲಿಷ್ ಬಲ್ಲವರಿಗೆ ಎಷ್ಟೊಂದು ತಿಳಿಯಿತು! ಮೊರ್ಕ್‌ಗಳು ಒಂದಕ್ಕಿಂತ ಹೆಚ್ಚು. ಅವು ಪ್ರಿಂಡ್ ಆಗಿರುವಂಥವು. ಅವು ಗ್ಲಿಪ್ ಎಂಬ ಕೆಲಸ ಮಾಡಿ ಮುಗಿಸಿದ್ದವು. ಆ ಕೆಲಸಕ್ಕೆ ಒಳಗಾದದ್ದು ಒಂದೇ ಒಂದು ಸ್ಟಾನ್, ಅದನ್ನು ಎಣಿಸಬಹುದು. ಇಷ್ಟನ್ನೂ ತಿಳಿಸಿದ್ದು 'ದಿ', 'ಹ್ಯಾಡ್', 'ಎ' ಎಂಬ ಮೂರು ಚಿಕ್ಕ ಪದಗಳು, 'ಸ್' ಮತ್ತು 'ಡ್' ಎಂಬ ಎರಡು ಬಾಲಗಳು, ಮತ್ತು ಪದಗಳು ನಿಂತ ಸಾಲು.

ಅದನ್ನೇ ಕನ್ನಡದಲ್ಲಿ ಹೇಳಿ: 'ಮೊರ್ಕಗಳು ಸ್ಟಾನವನ್ನು ಗ್ಲಿಪಿಸಿದ್ದವು.' ಈಗ ಪದಗಳನ್ನು ಅದಲು ಬದಲು ಮಾಡಿ: 'ಸ್ಟಾನವನ್ನು ಮೊರ್ಕಗಳು ಗ್ಲಿಪಿಸಿದ್ದವು.' ಒತ್ತು ಸ್ವಲ್ಪ ಬದಲಾಯಿತು, ಸಂಗತಿ ಬದಲಾಗಲಿಲ್ಲ. 'ಅನ್ನು' ಎಲ್ಲಿ ಹೋದರೂ ತನ್ನ ಪದವನ್ನು ಕರ್ಮವೆಂದೇ ತೋರಿಸುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಹಾಗೆ ಅದಲು ಬದಲು ಮಾಡಿದರೆ ಗ್ಲಿಪ್ ಮಾಡಿದವರೇ ಬೇರೆಯಾಗುತ್ತಾರೆ.

ಈ ಸುಳಿವುಗಳನ್ನು ಪುಟ್ಟ ಮಕ್ಕಳೂ ಬಳಸುತ್ತಾರೆ ಎಂದು ತೋರಿಸಿದ ಎರಡು ಸೊಗಸಾದ ಪ್ರಯೋಗಗಳಿವೆ. 1957ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ ಇನ್ನೂ ಶಾಲೆ ಸೇರದ ಮಕ್ಕಳಿಗೆ ಒಂದು ಚಿತ್ರ ತೋರಿಸಿದ. ಪಾತ್ರೆಯೊಂದರಲ್ಲಿ ಬಣ್ಣದ ಚೂರುಗಳಂಥ ಏನೋ ಇದೆ, ಎರಡು ಕೈಗಳು ಅದನ್ನು ನಾದುತ್ತಿವೆ. ಆಮೇಲೆ ನಾದುವ ಕೈ, ಪಾತ್ರೆ, ಚೂರುಗಳು ಬೇರೆ ಬೇರೆಯಾಗಿರುವ ಚಿತ್ರಗಳನ್ನು ಮುಂದಿಟ್ಟು 'ಸಿಬ್ಬಿಂಗ್' ಎಂಬುದನ್ನು ತೋರಿಸು ಎಂದಾಗ ಮಕ್ಕಳಲ್ಲಿ ಹೆಚ್ಚಿನವರು ನಾದುವ ಚಿತ್ರವನ್ನು ಆರಿಸಿದರು. 'ಎ ಸಿಬ್' ಎಂದಾಗ ಪಾತ್ರೆಯನ್ನು, 'ಸಮ್ ಸಿಬ್' ಎಂದಾಗ ಪಾತ್ರೆಯೊಳಗಿನ ಚೂರುಗಳನ್ನು ಆರಿಸಿದರು. 'ಸಿಬ್' ಎಂಬುದಕ್ಕೆ ಅರ್ಥವೇ ಇರಲಿಲ್ಲ. 'ಎ', 'ಸಮ್', 'ಇಂಗ್' ಎಂಬವೇ ಮಕ್ಕಳ ಕಣ್ಣನ್ನು ಚಿತ್ರದ ಬೇರೆ ಬೇರೆ ಭಾಗಕ್ಕೆ ತಿರುಗಿಸಿದವು. ಅಂದರೆ ಮಗು ಮೊದಲು ಅರ್ಥ ತಿಳಿದು ಆಮೇಲೆ ವರ್ಗ ಗುರುತಿಸುತ್ತದೆ ಎಂಬ ನಮ್ಮ ಶಾಲೆಯ ಕ್ರಮ ಇಲ್ಲಿ ತಲೆಕೆಳಗಾಗಿದೆ. ವರ್ಗವನ್ನು ಹಿಡಿದು ಮಗು ಅರ್ಥದ ಕಡೆಗೆ ನಡೆಯುತ್ತದೆ. ಮರುವರ್ಷ ಜೀನ್ ಬೆರ್ಕೊ ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು ಅದಕ್ಕೆ 'ವಗ್' ಎಂದು ಹೆಸರಿಟ್ಟಳು. ಎರಡು ಇದ್ದರೆ ಏನನ್ನಬೇಕು ಎಂದು ನಾಲ್ಕರಿಂದ ಏಳು ವರ್ಷದ ಮಕ್ಕಳನ್ನು ಕೇಳಿದಳು. ಆ ಪದವನ್ನು ಎಂದೂ ಕೇಳಿರದ ಮಕ್ಕಳು 'ವಗ್ಜ್' ಎಂದರು. ಯಾರೂ ಅವರಿಗೆ ನಿಯಮ ಕಲಿಸಿರಲಿಲ್ಲ.

ಇದೇ ದಾರಿಯಲ್ಲಿ ದೊಡ್ಡ ಮಟ್ಟದ ಕೆಲಸ ಮಾಡಿದವನು ಮಿಷಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫ್ರೈಸ್. ಆತ ಪುಸ್ತಕದ ಇಂಗ್ಲಿಷನ್ನು ಬದಿಗಿಟ್ಟು ಸಾಮಾನ್ಯ ಜನರ ಟೆಲಿಫೋನ್ ಸಂಭಾಷಣೆಗಳನ್ನು ಧ್ವನಿಮುದ್ರಿಸಿದ ಸಾಮಗ್ರಿಯನ್ನು ಇಟ್ಟುಕೊಂಡ. ಸುಮಾರು ಎರಡೂವರೆ ಲಕ್ಷ ಪದಗಳಷ್ಟು ಮಾತು. 1952ರಲ್ಲಿ ಬಂದ ಅವನ ಪುಸ್ತಕದಲ್ಲಿ ಹಳೆಯ ಎಂಟು ಹೆಸರುಗಳೇ ಇಲ್ಲ. ವಾಕ್ಯದಲ್ಲಿ ಒಂದು ಜಾಗವನ್ನು ಖಾಲಿ ಬಿಟ್ಟು, ಅಲ್ಲಿ ಯಾವ ಯಾವ ಪದಗಳು ಹೊಂದುತ್ತವೆ ಎಂದು ನೋಡುವುದು ಅವನ ವಿಧಾನ. ಹಾಗೆ ನೋಡಿದಾಗ ನಾಲ್ಕು ದೊಡ್ಡ ವರ್ಗಗಳೂ ಹದಿನೈದು ಚಿಕ್ಕ ಗುಂಪುಗಳೂ ಸಿಕ್ಕಿದವು. ಹದಿನೈದು ಗುಂಪುಗಳನ್ನು ಕೂಡಿಸಿದರೆ ಒಟ್ಟು ಪದಗಳು ಕೇವಲ 154. ಆದರೆ ಎರಡೂವರೆ ಲಕ್ಷದ ಆ ಮಾತಿನಲ್ಲಿ ಮೂರನೇ ಒಂದು ಭಾಗ ಈ 154 ಪದಗಳೇ! ಇಂಗ್ಲಿಷ್ ಕಲಿಯುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಾವಿರಾರು ಕಠಿಣ ಪದಗಳ ಪಟ್ಟಿ ಮಾಡಿ ಕಲಿಯುವ ಹುಡುಗನಿಗೆ 'ಆಫ್', 'ಹ್ಯಾವ್', 'ದಿ', 'ಟು', 'ವುಡ್' ಇವುಗಳ ನಡೆ ತಿಳಿಯದಿದ್ದರೆ ಒಂದು ವಾಕ್ಯವೂ ನೆಟ್ಟಗೆ ನಿಲ್ಲುವುದಿಲ್ಲ. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹಗಳಿಂದ ಆರಿಸಿ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕೂಡಿಸಿದ ಹತ್ತು ಲಕ್ಷ ಪದಗಳ ಸಂಗ್ರಹದಲ್ಲಿ 'ದಿ' ಒಂದೇ ಶೇಕಡಾ ಏಳರಷ್ಟಿದೆ.

ಈ ಚಿಕ್ಕ ಪದಗಳ ಗುಂಪು ಮುಚ್ಚಿದ ಗುಂಪು. ನಾಮಪದ, ಕ್ರಿಯಾಪದ, ಗುಣವಾಚಕಗಳಿಗೆ ಪ್ರತಿದಿನ ಹೊಸಬರು ಸೇರುತ್ತಾರೆ. ಹೊಸ ಸರ್ವನಾಮವೋ ಹೊಸ ಪ್ರಿಪೊಸಿಷನ್ನೋ ಸೇರುವುದು ಶತಮಾನಗಳಲ್ಲಿ ಒಮ್ಮೆ. ಅಂಥ ಅಪರೂಪದ ಘಟನೆ ಇಂಗ್ಲಿಷಿನಲ್ಲಿ ನಡೆದಿದೆ: 'ದೇ', 'ದೆಮ್', 'ದೇರ್' ಎಂಬ ಸರ್ವನಾಮಗಳು ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯಾದ ಜನರ ಮಾತಿನಿಂದ ಬಂದವು. 1400ರಲ್ಲಿ ತೀರಿಕೊಂಡ ಕವಿ ಚಾಸರ್ 'ದೇ' ಬಳಸುತ್ತಾನೆ, ಉಳಿದೆರಡರ ಜಾಗದಲ್ಲಿ ಇನ್ನೂ ಹಳೆಯ ಇಂಗ್ಲಿಷ್ ರೂಪಗಳೇ ಇವೆ.

ಇಂಗ್ಲಿಷ್ ಸದಾ ಹೀಗೆ ಪದಗಳ ಸಾಲನ್ನು ನೆಚ್ಚಿಕೊಂಡಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ನಾಯಿ ಮನುಷ್ಯನನ್ನು ಕಚ್ಚಿತು' ಎನ್ನಲು 'ಸೆ ಹುಂಡ್ ಬಾಟ್ ಥೊನೆ ಮನ್' ಎನ್ನಬಹುದಿತ್ತು. 'ಸೆ' ಕರ್ತೃವಿನ ಗುರುತು, 'ಥೊನೆ' ಕರ್ಮದ ಗುರುತು. 'ಥೊನೆ ಮನ್ ಬಾಟ್ ಸೆ ಹುಂಡ್' ಎಂದರೂ ಕಚ್ಚಿದ್ದು ನಾಯಿಯೇ. ಆ ಕಾಲದ ಇಂಗ್ಲಿಷಿನಲ್ಲಿ ವಿಭಕ್ತಿಗಳಿದ್ದವು, ಲಿಂಗಕ್ಕೆ ತಕ್ಕಂತೆ ರೂಪ ಬದಲಾಗುತ್ತಿತ್ತು. ಈ ವಿಷಯದಲ್ಲಿ ಅದು ಇಂದಿನ ಇಂಗ್ಲಿಷಿಗಿಂತ ಕನ್ನಡದ ಜಾಯಮಾನಕ್ಕೆ ಹತ್ತಿರ. ಪದದ ಕೊನೆಯ ಸ್ವರಗಳ ಉಚ್ಚಾರ ಸಡಿಲವಾಗುತ್ತ, ಬೇರೆ ಭಾಷೆಯ ಜನರೊಡನೆ ಒಡನಾಟ ಬೆಳೆಯುತ್ತ, 11ರಿಂದ 14ನೇ ಶತಮಾನದೊಳಗೆ ಈ ಪ್ರತ್ಯಯಗಳು ಸವೆದು ಹೋದವು. 'ಸೆ', 'ಥೊನೆ' ಮೊದಲಾದ ಎಲ್ಲ ರೂಪಗಳ ಜಾಗಕ್ಕೆ ಒಂದೇ 'ದಿ' ಬಂತು. ಯಾರು ಕಚ್ಚಿದರು, ಯಾರನ್ನು ಕಚ್ಚಿದರು ಎಂಬುದನ್ನು ತಿಳಿಸುವ ಹೊಣೆ ಸಾಲಿನ ಮೇಲೆ ಬಿತ್ತು. ಕ್ರಿಯಾಪದಕ್ಕೆ ಮುಂಚೆ ಬಂದರೆ ಕರ್ತೃ, ಆಮೇಲೆ ಬಂದರೆ ಕರ್ಮ. ಪ್ರತ್ಯಯಗಳಿಲ್ಲದ್ದರಿಂದ ನಾಮಪದವೂ ಕ್ರಿಯಾಪದವೂ ನೋಡಲು ಒಂದೇ ಥರವಾದವು, ಒಂದರ ಜಾಗಕ್ಕೆ ಇನ್ನೊಂದು ಹೋಗುವುದು ಸುಲಭವಾಯಿತು. 'ವಾಟರ್ ದಿ ಪ್ಲಾಂಟ್ಸ್', 'ಬುಕ್ ಎ ಟಿಕೆಟ್' ಎಂಬವೆಲ್ಲ ಈ ಸವೆತದ ಫಲ. ಕೆಲವು ಪದಗಳಲ್ಲಿ ಮಾತ್ರ ಉಚ್ಚಾರ ಸಹಾಯಕ್ಕೆ ಬರುತ್ತದೆ: 'ರೆಕಾರ್ಡ್', 'ಪರ್ಮಿಟ್', 'ಇಂಪೋರ್ಟ್' ಇವುಗಳ ಮೊದಲ ಭಾಗವನ್ನು ಒತ್ತಿ ಹೇಳಿದರೆ ನಾಮಪದ, ಎರಡನೇ ಭಾಗವನ್ನು ಒತ್ತಿದರೆ ಕ್ರಿಯಾಪದ.

ಸವೆತದ ಇನ್ನೊಂದು ಪರಿಣಾಮ ಕರ್ತೃವನ್ನು ಬಿಡುವಂತಿಲ್ಲ ಎಂಬ ಕಟ್ಟಳೆ. ಕನ್ನಡದಲ್ಲಿ 'ಬಂದೆ' ಎಂದರೆ ನಾನು, 'ಬಂದಳು' ಎಂದರೆ ಅವಳು, 'ಬಂದರು' ಎಂದರೆ ಅವರು. ಕ್ರಿಯಾಪದವೇ ಎಲ್ಲ ಹೇಳುತ್ತದೆ. ಇಂಗ್ಲಿಷಿನ 'ಕೇಮ್' ಏನನ್ನೂ ಹೇಳುವುದಿಲ್ಲ. ಆದ್ದರಿಂದ 'ಐ', 'ಶಿ', 'ದೇ' ಬೇಕೇ ಬೇಕು. ಮಳೆ ಬರುವಾಗ ಕರ್ತೃ ಯಾರೂ ಇಲ್ಲದಿದ್ದರೂ 'ಇಟ್ ಈಸ್ ರೇನಿಂಗ್' ಎಂದು ಆ ಜಾಗವನ್ನು ತುಂಬಬೇಕು. ಹಳೆಯ ಪ್ರತ್ಯಯಗಳಲ್ಲಿ ವರ್ತಮಾನ ಕಾಲಕ್ಕೆ ಉಳಿದದ್ದು 'ಹೀ ರನ್ಸ್', 'ಶಿ ರನ್ಸ್' ಎಂಬಲ್ಲಿನ ಆ ಒಂದು 'ಸ್' ಮಾತ್ರ. ಅದು ಒಂಟಿಯಾಗಿ ಉಳಿದದ್ದರಿಂದಲೇ ಕಲಿಯುವವರು ಅದನ್ನು ಮರೆಯುತ್ತಾರೆ.

ಆರ್ಟಿಕಲ್ ವಿಷಯಕ್ಕೆ ಬರೋಣ, ನಮ್ಮವರನ್ನು ಅತಿ ಹೆಚ್ಚು ಕಾಡುವುದು ಅದು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಎಂದು ಹೇಳಿ ಮೇಷ್ಟ್ರು ನಿಯಮಗಳ ಪಟ್ಟಿಗೆ ಹೋಗುತ್ತಾರೆ. ಆರ್ಟಿಕಲ್ ಇಲ್ಲ, ನಿಜ; ಆರ್ಟಿಕಲ್ ಮಾಡುವ ಕೆಲಸ ಕನ್ನಡದಲ್ಲೂ ಇದೆ. 'ಮೇಜಿನ ಮೇಲೆ ಪುಸ್ತಕ ಇದೆ' ಎಂದರೆ ಕೇಳುವವನಿಗೆ ಗೊತ್ತಿಲ್ಲದ ಯಾವುದೋ ಒಂದು ಪುಸ್ತಕ. ಅದು 'ಎ ಬುಕ್'. 'ಪುಸ್ತಕ ಮೇಜಿನ ಮೇಲೆ ಇದೆ' ಎಂದರೆ ಇಬ್ಬರಿಗೂ ಗೊತ್ತಿರುವ, ಹುಡುಕುತ್ತಿದ್ದ ಪುಸ್ತಕ. ಅದು 'ದಿ ಬುಕ್'. 'ಪುಸ್ತಕ ಓದಿದೆ', 'ಪುಸ್ತಕವನ್ನು ಓದಿದೆ' ಇವೆರಡರ ನಡುವೆಯೂ ಇಂಥದೇ ವ್ಯತ್ಯಾಸ ಸುಳಿಯುತ್ತದೆ. ಇಂಗ್ಲಿಷ್ ಚಿಕ್ಕ ಪದಗಳಿಂದ ಮಾಡುವುದನ್ನು ಕನ್ನಡ ಸಾಲಿನಿಂದಲೂ ಪ್ರತ್ಯಯದಿಂದಲೂ ಮಾಡುತ್ತದೆ. ಕನ್ನಡ ಪ್ರತ್ಯಯದಿಂದ ಮಾಡುವುದನ್ನು ಇಂಗ್ಲಿಷ್ ಸಾಲಿನಿಂದ ಮಾಡುತ್ತದೆ. ಕೇಳುವವನಿಗೆ ಅದು ಯಾವುದೆಂದು ಮೊದಲೇ ಗೊತ್ತಿದೆಯೇ? ಈ ಒಂದು ಪ್ರಶ್ನೆ ಹಾಕಿಕೊಂಡರೆ ಆರ್ಟಿಕಲ್ಲಿನ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

'ದಟ್ ಮೈ ಬುಕ್' ಎಂಬ ತಪ್ಪೂ ಕನ್ನಡದ ಒಳಗಿನಿಂದಲೇ ಬರುತ್ತದೆ. 'ಆ ನನ್ನ ಪುಸ್ತಕ ಎಲ್ಲಿ?' ಎಂಬುದು ಸರಿಯಾದ ಕನ್ನಡ. ಇಂಗ್ಲಿಷಿನಲ್ಲಿ 'ದಿ', 'ದಟ್', 'ಮೈ' ಇವೆಲ್ಲ ಒಂದೇ ಜಾಗಕ್ಕೆ ಬರುವ ಪದಗಳು. ಒಂದು ಕೂತರೆ ಇನ್ನೊಂದಕ್ಕೆ ಜಾಗವಿಲ್ಲ. ಗುಣವಾಚಕಗಳು ಹಾಗಲ್ಲ, 'ಬಿಗ್ ಓಲ್ಡ್ ರೆಡ್ ಬಸ್' ಎಂದು ಎಷ್ಟನ್ನಾದರೂ ಸಾಲಾಗಿ ನಿಲ್ಲಿಸಬಹುದು. ಹಳೆಯ ವ್ಯಾಕರಣ 'ಮೈ', 'ದಟ್' ಇವನ್ನೂ ಗುಣವಾಚಕವೆಂದೇ ಕರೆದು ಈ ಭೇದವನ್ನು ಮುಚ್ಚಿಹಾಕಿತು. ಇಂದಿನ ವ್ಯಾಕರಣಗಳು ಇವಕ್ಕೆ ಡಿಟರ್ಮಿನರ್ ಎಂಬ ಬೇರೆ ವರ್ಗ ಕೊಟ್ಟಿವೆ. ಎಂಟರ ಪಟ್ಟಿಯಲ್ಲಿ ಇಲ್ಲದ ಈ ವರ್ಗ ಕನ್ನಡದ ಮಕ್ಕಳಿಗೆ ಇಂಟರ್ಜೆಕ್ಷನ್‌ಗಿಂತ ಎಷ್ಟೋ ಪಾಲು ಉಪಯುಕ್ತ.

ಪ್ರಿಪೊಸಿಷನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 'ಮನೆಯಲ್ಲಿ', 'ಮನೆಯಿಂದ', 'ಮನೆಯ ಹಿಂದೆ' ಎಂದು ನಾವು ಪದದ ನಂತರ ಹೇಳುವುದನ್ನು ಇಂಗ್ಲಿಷ್ ಪದಕ್ಕೆ ಮುಂಚೆ ಹೇಳುತ್ತದೆ. ಕಷ್ಟವಿರುವುದು ಯಾವ ಪದಕ್ಕೆ ಯಾವುದು ಜೊತೆಯಾಗುತ್ತದೆ ಎಂಬುದರಲ್ಲಿ. ಅದು ಓದುತ್ತ ಕೇಳುತ್ತ ಬರಬೇಕಾದ ರೂಢಿ.

ಇನ್ನು ಕ್ರಿಯಾವಿಶೇಷಣ. ಎಂಟರ ಪಟ್ಟಿಯಲ್ಲಿ ಅತ್ಯಂತ ದುರ್ಬಲ ವರ್ಗ ಇದೇ. 'ಕ್ವಿಕ್ಲಿ', 'ವೆರಿ', 'ನಾಟ್', 'ಯೆಸ್ಟರ್‌ಡೇ', 'ಹೌವೆವರ್' ಇವುಗಳಿಗೆ ಬೇರೆಲ್ಲೂ ಜಾಗ ಸಿಗದ್ದರಿಂದ ಇಲ್ಲಿಗೆ ತಳ್ಳಲಾಗಿದೆ. 'ಕ್ವಿಕ್ಲಿ'ಯ ಜಾಗದಲ್ಲಿ 'ವೆರಿ'ಯನ್ನು ಇಟ್ಟು ನೋಡಿ, ವಾಕ್ಯ ಮುರಿದು ಬೀಳುತ್ತದೆ. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಹೊರತಂದ ಕೇಂಬ್ರಿಜ್‌ನ ಬೃಹತ್ ವ್ಯಾಕರಣ 'ಯೆಸ್ಟರ್‌ಡೇ', 'ಟುಮಾರೋ' ಇವನ್ನು ಸರ್ವನಾಮಗಳ ಗುಂಪಿಗೆ ಸೇರಿಸಿದೆ. ವಿದ್ವಾಂಸರಲ್ಲಿ ಎಲ್ಲರೂ ಇದನ್ನು ಒಪ್ಪಿಲ್ಲ. ಚರ್ಚೆ ಮುಗಿದಿಲ್ಲ ಎಂಬುದೇ ಇದು ಜೀವಂತ ವಿಜ್ಞಾನ ಎಂಬುದರ ಗುರುತು.

ಯಂತ್ರಗಳಿಗೆ ಭಾಷೆ ಕಲಿಸಲು ಹೊರಟಾಗ ಅರ್ಥದ ವ್ಯಾಖ್ಯೆಗಳು ಸಂಪೂರ್ಣ ಕೈಕೊಟ್ಟವು. ಬ್ರೌನ್ ಸಂಗ್ರಹದ ಹತ್ತು ಲಕ್ಷ ಪದಗಳಿಗೆ ವರ್ಗ ಹಚ್ಚಲು 1971ರಲ್ಲಿ ಅಲ್ಲಿಯೇ ಬರೆದ ನಿಯಮಗಳ ಪ್ರೋಗ್ರಾಂ ಶೇಕಡಾ 77ರಷ್ಟನ್ನು ತಾನೇ ತೀರ್ಮಾನಿಸಿತು, ಉಳಿದದ್ದನ್ನು ಮನುಷ್ಯರು ಕೂತು ಸರಿಪಡಿಸಬೇಕಾಯಿತು. ಹತ್ತಾರು ವರ್ಷಗಳ ಒಳಗೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ತಂಡ ಬೇರೆ ದಾರಿ ಹಿಡಿಯಿತು: ಯಾವ ವರ್ಗದ ಪಕ್ಕ ಯಾವ ವರ್ಗ ಎಷ್ಟು ಸಲ ಬರುತ್ತದೆ ಎಂಬ ಸಂಭವನೀಯತೆಯ ಲೆಕ್ಕ. 'ದಿ' ಆದ ಕೂಡಲೇ ಕ್ರಿಯಾಪದ ಬರುವುದು ಹೆಚ್ಚುಕಡಿಮೆ ಅಸಾಧ್ಯ ಎಂದು ಯಂತ್ರಕ್ಕೆ ಅಂಕಿಗಳೇ ಹೇಳಿದವು. ನಿಖರತೆ ಶೇಕಡಾ 96-97ಕ್ಕೆ ಏರಿತು. ಪದದ ಅರ್ಥ ಏನೆಂದು ಆ ಯಂತ್ರಕ್ಕೆ ಗೊತ್ತಿರಲಿಲ್ಲ, ನೆರೆಹೊರೆ ಮಾತ್ರ ಗೊತ್ತಿತ್ತು. ಶೇಕಡಾ 97 ಎಂದರೆ ಪೂರ್ಣವೆಂದು ತಿಳಿಯಬಾರದು. ಇಪ್ಪತ್ತು ಪದಗಳ ವಾಕ್ಯದಲ್ಲಿ ಪ್ರತಿ ಪದಕ್ಕೂ ಇಷ್ಟು ನಿಖರತೆ ಇದ್ದರೆ ಇಡೀ ವಾಕ್ಯ ತಪ್ಪಿಲ್ಲದೆ ಬರುವ ಸಾಧ್ಯತೆ ಸುಮಾರು ಶೇಕಡಾ 54. ವರ್ಗಗಳು ಎಷ್ಟು ಎಂಬುದಕ್ಕೆ ಇಲ್ಲಿಯೂ ಒಂದೇ ಉತ್ತರವಿಲ್ಲ. ಪೆನ್ ಟ್ರೀಬ್ಯಾಂಕ್ ಎಂಬ ಹೆಸರಾಂತ ಸಂಗ್ರಹ ಇಂಗ್ಲಿಷ್ ಪದಗಳಿಗೆ 36 ಗುರುತುಗಳನ್ನು ಬಳಸಿತು. ಲೋಕದ ಎಲ್ಲ ಭಾಷೆಗಳಿಗೂ ಹೊಂದಲೆಂದು ಮಾಡಿದ ಯೂನಿವರ್ಸಲ್ ಡಿಪೆಂಡೆನ್ಸೀಸ್ ಪಟ್ಟಿಯಲ್ಲಿ 17 ಇವೆ.

ಪದವರ್ಗ ಎಂಬುದು ವೈಯಾಕರಣರು ಹೆಣೆದ ಬರಿಯ ಲೆಕ್ಕವೇ, ಮಿದುಳಿಗೂ ಅದರ ಅರಿವಿದೆಯೇ? 1991ರಲ್ಲಿ ಅಲ್ಫೊನ್ಸೊ ಕರಮಾಜಾ ಮತ್ತು ಆರ್ಗೈ ಹಿಲ್ಲಿಸ್ 'ನೇಚರ್' ಪತ್ರಿಕೆಯಲ್ಲಿ ಮಿದುಳಿಗೆ ಪೆಟ್ಟಾದ ಇಬ್ಬರ ಬಗ್ಗೆ ಬರೆದರು. ಒಬ್ಬರಿಗೆ ಕ್ರಿಯಾಪದಗಳನ್ನು ಬಾಯಲ್ಲಿ ಹೇಳುವುದು ಕಷ್ಟ, ಬರೆಯಲು ಬರುತ್ತದೆ. ಇನ್ನೊಬ್ಬರಿಗೆ ಹೇಳಲು ಬರುತ್ತದೆ, ಬರೆಯುವುದು ಕಷ್ಟ. ನಾಮಪದಗಳಲ್ಲಿ ಇಬ್ಬರಿಗೂ ಅಂಥ ತೊಂದರೆಯಿಲ್ಲ. ಇನ್ನೂ ವಿಸ್ಮಯದ ಸಂಗತಿ ಎಂದರೆ, ನಾಮಪದವಾಗಿಯೂ ಕ್ರಿಯಾಪದವಾಗಿಯೂ ಬರುವ ಒಂದೇ ಪದವನ್ನು ಕೊಟ್ಟಾಗಲೂ ಇದು ಹೀಗೆಯೇ ನಡೆಯಿತು. ಕನ್ನಡಿಯಲ್ಲಿನ ಬಿರುಕು ಎಂಬ ಅರ್ಥದ 'ಕ್ರ್ಯಾಕ್' ಬಂತು, ಕಾಯಿ ಒಡೆಯುವುದು ಎಂಬ ಅರ್ಥದ 'ಕ್ರ್ಯಾಕ್' ಬರಲಿಲ್ಲ. ಧ್ವನಿ ಅದೇ, ಅಕ್ಷರ ಅದೇ. ವಾಕ್ಯದಲ್ಲಿನ ಕೆಲಸ ಬೇರೆ. ಮಿದುಳಿನ ಎಡಭಾಗದ ಮುಂದಿನ ಒಂದು ಪ್ರದೇಶಕ್ಕೆ ಪೆಟ್ಟಾದವರಲ್ಲಿ ಹಲವರು ನಾಮಪದಗಳನ್ನು ಹೇಳುತ್ತ 'ದಿ', 'ಈಸ್', 'ಟು' ಇವನ್ನು ಬಿಟ್ಟುಬಿಡುತ್ತಾರೆ ಎಂಬುದು ಅದಕ್ಕೂ ಹಿಂದಿನಿಂದ ವೈದ್ಯರಿಗೆ ತಿಳಿದಿದೆ. ದೊಡ್ಡ ಪದಗಳೂ ಚಿಕ್ಕ ಪದಗಳೂ ಮಿದುಳಿನಲ್ಲಿ ಒಂದೇ ಹಾದಿಯಿಂದ ಬರುವುದಿಲ್ಲ.

ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ತಂದೆತಾಯಿಗಳಲ್ಲಿ ನನ್ನದೊಂದು ಕೋರಿಕೆ. ವಾಕ್ಯವಿಲ್ಲದೆ ಬಿಡಿ ಪದ ಕೊಟ್ಟು ಅದರ ವರ್ಗ ಕೇಳುವ ಪ್ರಶ್ನೆಗಳನ್ನು ದಯವಿಟ್ಟು ಕೈಬಿಡಿ. ವಾಕ್ಯದಲ್ಲಿ ಒಂದು ಪದವನ್ನು ಬೆರಳಿನಿಂದ ಮುಚ್ಚಿ, ಆ ಜಾಗಕ್ಕೆ ಬೇರೆ ಯಾವ ಪದ ಹೊಂದುತ್ತದೆ ಎಂದು ಮಗುವನ್ನೇ ಕೇಳಿ. ಅದಕ್ಕೆ ಮುಂಚೆ 'ದಿ' ಬರುತ್ತದೆಯೇ, ಕೊನೆಗೆ 'ಸ್' ಅಥವಾ 'ಎಡ್' ಹಚ್ಚಬಹುದೇ, 'ವೆರಿ' ಜೊತೆಗೂಡುತ್ತದೆಯೇ ಎಂದು ಪರೀಕ್ಷಿಸಲು ಬಿಡಿ. ಅದೇ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀಯ ಎಂದೂ ಕೇಳಿ. 'ಆಗಿ', 'ಅನ್ನು', 'ಇಂದ' ಎಲ್ಲಿ ಬಂದವು ಎಂದು ಅದೇ ತೋರಿಸಲಿ. ಎರಡು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಈ ಹೋಲಿಕೆ ಮಾಡಲು ಬೇಕಾದ ಸಾಮಗ್ರಿ ಆಗಲೇ ನಾಲಿಗೆಯ ಮೇಲಿದೆ.